ಖಣದ ರವಿಕೆ: ಕತ್ತರಿ ಹಾಕುವ ಮುನ್ನ ಬಟ್ಟೆಗೂ ಮಷಿನ್ನಿಗೂ ಮಾಡಬೇಕಾದ ಕೆಲಸ

ಹೊಸ ಖಣದ ರವಿಕೆ ಮೊದಲ ಸಲ ನೀರಿಗೆ ಬಿದ್ದು ಒಣಗಿದ ಮೇಲೆ ಬೆನ್ನಿನ ಮೇಲೆ ಉಬ್ಬಿ ನಿಲ್ಲುತ್ತದೆ, ತೋಳಿನ ಅಂಚು ಒಳಕ್ಕೆ ಸುರುಳಿಯಾಗುತ್ತದೆ, ಹುಕ್ಕಿನ ಪಟ್ಟಿ ಹಾವಿನ ಹಾಗೆ ಓಡುತ್ತದೆ. ದೂರು ಹೋಗುವುದು ಹೊಲಿದವರ ಮೇಲೆ. ಬಿಚ್ಚಿ ನೋಡಿದರೆ ಹೊಲಿಗೆ ನೆಟ್ಟಗೇ ಇರುತ್ತದೆ. ತಪ್ಪು ಅದಕ್ಕೂ ಒಂದು ದಿನ ಮೊದಲು ಆಗಿಹೋಗಿದೆ: ನೀರು ಕಾಣದ ಲೈನಿಂಗನ್ನು ಅಂಗಡಿಯಿಂದ ತಂದ ಹಾಗೇ ಹಾಸಿ ಕತ್ತರಿಸಲಾಗಿದೆ. ರವಿಕೆಯ ಗುಣ ಬಹುಪಾಲು ನಿರ್ಧಾರವಾಗುವುದು ಕತ್ತರಿ ಕೈಗೆ ಬರುವ ಮುಂಚೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಳತೆ, ಕಟಿಂಗ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಇಲ್ಲಿ ಅದಕ್ಕಿಂತ ಹಿಂದಿನ ಕೆಲಸವನ್ನಷ್ಟೇ ಬರೆಯುತ್ತೇನೆ.

ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆಯಾದ ಗುಳೇದಗುಡ್ಡ ಖಣವನ್ನೇ ಇಟ್ಟುಕೊಂಡಿದ್ದೇನೆ. ಇಳಕಲ್ ಸೀರೆಗೆ ಜೊತೆಯಾಗಿ ರವಿಕೆ ಮಾಡಿ ತೊಡುತ್ತಿದ್ದ ಈ ಬಟ್ಟೆ ಈಗ ಕುರ್ತಾ, ಲಂಗ, ಚೀಲ ಎಲ್ಲದಕ್ಕೂ ಬಳಕೆಯಾಗುತ್ತಿದೆ. ಆದರೆ ರವಿಕೆ ಹೊಲಿಯುವಾಗಲೇ ಅದು ಹೆಚ್ಚು ಎಚ್ಚರ ಬೇಡುವುದು. ಹೊರಗೆ ಮಿರುಗುವ ಖಣ, ಒಳಗೆ ಹತ್ತಿಯ ಲೈನಿಂಗ್. ನೀರು, ಬಿಸಿ, ಎಳೆತ ಈ ಮೂರಕ್ಕೂ ಎರಡೂ ಬೇರೆ ಬೇರೆ ರೀತಿ ವರ್ತಿಸುತ್ತವೆ. ಮಷಿನ್ ಎಂದಾಗ ಮನೆಗಳಲ್ಲಿ ಇನ್ನೂ ಓಡುತ್ತಿರುವ ಕಪ್ಪು ತಲೆಯ ಕಾಲ್ತುಳಿತದ ಮಷಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಹೊಸ ಕರೆಂಟಿನ ಮಷಿನ್ನಿಗೆ ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಮೊದಲು ಲೈನಿಂಗ್ ನೆನೆಹಾಕಿ

ಒಣಗಲು ಸಮಯ ಬೇಕಾದ್ದರಿಂದ ಕೆಲಸ ಶುರುವಾಗುವುದು ಇಲ್ಲಿಂದಲೇ. 36ರ ಎದೆ ಅಳತೆಯ, ಅರ್ಧ ತೋಳಿನ ರವಿಕೆಗೆ 36 ಇಂಚು ಅಗಲದ ಲೈನಿಂಗ್ ಆದರೆ 1 ಮೀಟರ್ ತನ್ನಿ. 80 ಸೆಂ.ಮೀ.ನಲ್ಲಿ ಮುಗಿಸಬಹುದು ಎಂದು ಅಂಗಡಿಯವರು ಹೇಳುವುದು ನೆನೆಸದೆ ಕತ್ತರಿಸುವವರ ಲೆಕ್ಕ. ಸಾಮಾನ್ಯ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಶೇ. 3ರಿಂದ 5ರಷ್ಟು ಕುಗ್ಗುತ್ತದೆ, ಸಡಿಲ ನೇಯ್ಗೆಯದಾದರೆ ಇನ್ನೂ ಜಾಸ್ತಿ. ಶೇ. 4 ಎಂದು ಹಿಡಿದರೂ 14 ಇಂಚು ಉದ್ದದ ರವಿಕೆಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಹೋಯಿತು. ಹೊರಗಿನ ಖಣ ಅಷ್ಟು ಕುಗ್ಗದಿದ್ದರೆ ಆ ಅರ್ಧ ಇಂಚು ಹೆಚ್ಚುವರಿ ಬಟ್ಟೆ ಎಲ್ಲಿಗೆ ಹೋಗಬೇಕು? ಅದೇ ಬೆನ್ನಿನ ಮೇಲೆ ಉಬ್ಬುವುದು.

ಕುಗ್ಗುವುದಕ್ಕೆ ಕಾರಣ ಸರಳ. ಮಗ್ಗದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಆಮೇಲೆ ಕಾರ್ಖಾನೆಯಲ್ಲಿ ಬಟ್ಟೆಯನ್ನು ಮತ್ತಷ್ಟು ಎಳೆದು, ಗಂಜಿ ಹಾಕಿ, ಒತ್ತಿ ಮಡಚುತ್ತಾರೆ. ಆ ಎಳೆತ ಹಾಗೇ ಬಟ್ಟೆಯೊಳಗೆ ಉಳಿದಿರುತ್ತದೆ. ನೀರು ತಾಗಿದ ಕೂಡಲೇ ಗಂಜಿ ಬಿಡುತ್ತದೆ, ಹತ್ತಿಯ ನೂಲು ಉಬ್ಬುತ್ತದೆ. ಉಬ್ಬಿದ ಎಳೆಗಳನ್ನು ಸುತ್ತುಬಳಸಿ ಹೋಗಬೇಕಾದ ಇನ್ನೊಂದು ದಿಕ್ಕಿನ ಎಳೆಗೆ ಹೆಚ್ಚು ದಾರಿ ಬೇಕಾಗುತ್ತದೆ, ಹೀಗಾಗಿ ಉದ್ದ ಕಡಿಮೆಯಾಗುತ್ತದೆ. ಅಡ್ಡಕ್ಕೆ ಹೋಗುವ ಹೊಕ್ಕಿಗಿಂತ ಹಾಸು ಹೆಚ್ಚು ಕುಗ್ಗುವುದೂ ಇದಕ್ಕೇ. ಮಗ್ಗದಲ್ಲಿ ಹೆಚ್ಚು ಎಳೆತ ತಿಂದದ್ದು ಹಾಸು.

ಬಕೆಟ್ಟಿನಲ್ಲಿ ಬಟ್ಟೆ ಪೂರ್ತಿ ಮುಳುಗುವಷ್ಟು ನೀರು ತೆಗೆದುಕೊಳ್ಳಿ. ಮಡಿಕೆ ಬಿಚ್ಚಿ ಹಾಕಬೇಕು, ಮಡಚಿದ ಹಾಗೇ ಹಾಕಿದರೆ ಒಳಗಿನ ಪದರಗಳಿಗೆ ನೀರು ಸರಿಯಾಗಿ ಇಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬಿಳುಚಾಗುತ್ತದೆ, ಅದು ಗಂಜಿ. ಕೈಯಲ್ಲಿ ಹಿಸುಕಿ, ನೀರು ಬದಲಾಯಿಸಿ, ರಾತ್ರಿಯಿಡೀ ಬಿಡಿ. ಅವಸರವಿದ್ದರೆ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಒಂದು ಗಂಟೆ ಸಾಕು. ಮುಂದೆ ರವಿಕೆಯನ್ನು ಹೇಗೆ ಒಗೆಯುತ್ತೀರೋ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ನೆನೆಸಿದರೆ ಪ್ರಯೋಜನವಿಲ್ಲ. ತೆಗೆದು ಹಿಂಡುವಾಗ ತಿರುಚಬೇಡಿ. ತಿರುಚಿದರೆ ಹಾಸು ಹೊಕ್ಕು ಎರಡೂ ಓರೆಯಾಗಿ, ಆಮೇಲೆ ನೇರ ಮಾಡುವುದು ಕಷ್ಟ. ಮಡಚಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹಗ್ಗದ ಮೇಲೆ ಅಂಚಿಗೆ ಅಂಚು ಕೂಡಿಸಿ ಹರಡಿ.

ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ನೂಕಿದರೆ, ರಾತ್ರಿಯಿಡೀ ನೆನೆಸಿ ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿದಂತೆ. ಆ ಹಿಗ್ಗು ಮುಂದಿನ ಒಗೆತಕ್ಕೆ ವಾಪಸು ಹೋಗುತ್ತದೆ. ಬಟ್ಟೆಯನ್ನು ಮೇಜಿನ ಮೇಲೆ ತನ್ನಷ್ಟಕ್ಕೆ ಬಿಟ್ಟು, ಹಾಸಿನ ದಿಕ್ಕಿನಲ್ಲಿ ಒತ್ತಿ, ಎತ್ತಿ, ಮುಂದಿಡಿ. ಓರೆಯಾಗಿ ಎಂದೂ ಇಸ್ತ್ರಿ ತಿಕ್ಕಬೇಡಿ. ನೆನೆಸುವ ಮುಂಚೆ ಒಮ್ಮೆ, ಇಸ್ತ್ರಿಯಾದ ಮೇಲೆ ಒಮ್ಮೆ ಅಳೆದು ನೋಡಿ. 100 ಸೆಂ.ಮೀ. ಇದ್ದದ್ದು 94ಕ್ಕೆ ಇಳಿದಿದ್ದರೆ ಆ ಬಟ್ಟೆಯನ್ನು ಇನ್ನೊಮ್ಮೆ ನೆನೆಸುವುದು ಒಳ್ಳೆಯದು. ಅಷ್ಟು ಕುಗ್ಗುವ ಬಟ್ಟೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ.

ಪೈಪಿಂಗಿನ ಬಟ್ಟೆ, ಹುಕ್ಕಿನ ಪಟ್ಟಿಗೆ ಬಳಸುವ ತುಂಡು, ಕುತ್ತಿಗೆಗೆ ಇಡುವ ಕ್ಯಾನ್ವಾಸ್ ಇವನ್ನೂ ಜೊತೆಗೇ ನೆನೆಸಿ. ಹುಕ್ಕಿನ ಪಟ್ಟಿ ಹಾವಾಗುವುದಕ್ಕೆ ಮುಖ್ಯ ಕಾರಣ ಒಳಗಿಟ್ಟ ನೆನೆಸದ ತುಂಡು. ಇಸ್ತ್ರಿ ಬಿಸಿಗೆ ಅಂಟುವ ಕ್ಯಾನ್ವಾಸ್ ಆಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಹಿಂಡದೆ, ಹಾಗೇ ತೂಗುಹಾಕಿ ಒಣಗಿಸಿ. ಇಸ್ತ್ರಿಯಿಂದ ಒಣಗಿಸಲು ಹೋದರೆ ಮೇಜಿಗೇ ಅಂಟಿಕೊಳ್ಳುತ್ತದೆ.

ಬಣ್ಣದ ಮಾತು. ಕೆಂಪು, ಕುಂಕುಮ, ಕಡು ನೀಲಿ, ಕಪ್ಪು ಲೈನಿಂಗ್ ಬಿಡುವ ಬಣ್ಣ ಕಂಕುಳಿನ ಬೆವರಿಗೆ ಖಣದ ಮೇಲೆ ಹತ್ತುತ್ತದೆ. ಒದ್ದೆ ಬಿಳಿ ಬಟ್ಟೆಯ ತುಂಡನ್ನು ಲೈನಿಂಗಿನ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ತುಂಡಿಗೆ ಬಣ್ಣ ಬಂದರೆ ಸೋಪಿನ ನೀರಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ ನಿಜ, ಅಲ್ಲಿ ಅದು ಬಣ್ಣವನ್ನು ನೂಲಿನ ಕಡೆಗೆ ತಳ್ಳುತ್ತದೆ. ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ನೂಲಿಗೆ ಹಿಡಿಯದೆ ಉಳಿದ ಬಣ್ಣವನ್ನು ಉಪ್ಪು ಕಟ್ಟಿಹಾಕಲಾರದು. ಅದನ್ನು ತೊಳೆದು ತೆಗೆಯುವುದೊಂದೇ ದಾರಿ. ನಾಲ್ಕು ನೀರಿಗೂ ಬಿಡುವ ಬಟ್ಟೆಯಾದರೆ ಬೇರೆ ಲೈನಿಂಗ್ ತನ್ನಿ. ಮೀಟರ್ ಲೈನಿಂಗಿನ ಬೆಲೆ ಖಣದ ಬೆಲೆಯ ಮುಂದೆ ಏನೂ ಅಲ್ಲ.

ಪಾಲಿಯೆಸ್ಟರ್ ಮಿಶ್ರಿತ ಲೈನಿಂಗ್ ಕುಗ್ಗುವುದು ಕಡಿಮೆ, ಇಸ್ತ್ರಿಯೂ ಸುಲಭ. ಆದರೂ ಅದನ್ನು ಬಳಸಿ ಎಂದು ನಾನು ಹೇಳುವುದಿಲ್ಲ. ಬಾಗಲಕೋಟೆ, ರಾಯಚೂರು ಕಡೆಯ ಬಿಸಿಲಿನಲ್ಲಿ ಮೈಗೆ ತಾಗುವ ಪದರ ಬೆವರು ಹೀರಲೇಬೇಕು.

ಖಣ ಯಾವ ನೂಲಿನದು?

ಖಣದ ಹೆಸರಿನಲ್ಲಿ ಈಗ ರೇಷ್ಮೆ, ಹತ್ತಿ, ಕೃತಕ ರೇಷ್ಮೆ, ಪಾಲಿಯೆಸ್ಟರ್ ಎಲ್ಲವೂ ಮಾರಾಟವಾಗುತ್ತವೆ. ಹಾಸು ಒಂದು ನೂಲು, ಹೊಕ್ಕು ಇನ್ನೊಂದು ನೂಲು ಇರುವುದೂ ಸಾಮಾನ್ಯ. ಹಾಗಾಗಿ ತುಂಡಿನ ಅಂಚಿನಿಂದ ಹಾಸಿನ ನಾಲ್ಕು ಎಳೆ, ಹೊಕ್ಕಿನ ನಾಲ್ಕು ಎಳೆ ಬೇರೆ ಬೇರೆಯಾಗಿ ಬಿಡಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದು ಬಣ್ಣದ ಬೂದಿ ಆದರೆ ಹತ್ತಿ ಅಥವಾ ವಿಸ್ಕೋಸ್ ಎಂಬ ಕೃತಕ ರೇಷ್ಮೆ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಗುಳಿಗೆ ಉಳಿದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹತ್ತಿಗೂ ವಿಸ್ಕೋಸಿಗೂ ವ್ಯತ್ಯಾಸ ಬೇಕಾದರೆ ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಒದ್ದೆಯಾದಾಗ ವಿಸ್ಕೋಸಿನ ಬಲ ಬಹಳ ಇಳಿಯುತ್ತದೆ, ಸುಲಭವಾಗಿ ತುಂಡಾಗುತ್ತದೆ. ಹತ್ತಿ ಒದ್ದೆಯಾದರೆ ಬಲ ಕಳೆದುಕೊಳ್ಳುವುದಿಲ್ಲ.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಪಾಲಿಯೆಸ್ಟರ್ ಇದ್ದರೆ ಇಸ್ತ್ರಿ ಕಡಿಮೆ ಬಿಸಿಯಲ್ಲಿರಬೇಕು, ಹತ್ತಿಯ ಬಿಸಿ ಕೊಟ್ಟರೆ ಹೊಳಪು ಚುಕ್ಕೆ ಬಿದ್ದು ಮತ್ತೆ ಹೋಗುವುದಿಲ್ಲ. ರೇಷ್ಮೆಯಾದರೆ ನೇರ ನೀರು ಚಿಮುಕಿಸಬೇಡಿ, ನೀರಿನ ಕಲೆ ನಿಲ್ಲುತ್ತದೆ. ವಿಸ್ಕೋಸ್ ಹಾಸಿದ್ದರೆ ಅದೂ ಕುಗ್ಗುವ ಬಟ್ಟೆಯೇ.

ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಪೂರ್ತಿ ತುಂಡನ್ನು ನೀರಿಗೆ ಹಾಕುವ ಧೈರ್ಯ ಬೇಕಿಲ್ಲ. ಕಟಿಂಗಿನಲ್ಲಿ ವ್ಯರ್ಥವಾಗುವ ಮೂಲೆಯೊಂದನ್ನು ಆರಿಸಿ, ಬಿಳಿ ದಾರದಿಂದ ಉದ್ದಕ್ಕೆ ಸರಿಯಾಗಿ 10 ಸೆಂ.ಮೀ., ಅಡ್ಡಕ್ಕೆ 10 ಸೆಂ.ಮೀ. ಅಂತರದಲ್ಲಿ ಒಂದೊಂದು ಟಾಕು ಹಾಕಿ. ಆ ಮೂಲೆಯನ್ನಷ್ಟೇ ಒದ್ದೆ ಮಾಡಿ, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. 10 ಇದ್ದದ್ದು 9.8 ಆಗಿದ್ದರೆ ಶೇ. 2. ಬಣ್ಣ ಬಿಡುತ್ತದೆಯೇ, ಹೊಳಪು ಹೋಗುತ್ತದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಶೇ. 1ರ ಒಳಗಿದ್ದರೆ ಹಾಗೇ ಬಿಡಿ. ಜಾಸ್ತಿ ಇದ್ದರೆ, ಮನೆಯಲ್ಲೇ ಒಗೆಯುವ ಹತ್ತಿ ಖಣವಾದರೆ ಲೈನಿಂಗಿನಂತೆ ನೆನೆಸಿ. ರೇಷ್ಮೆಯಾದರೆ ಹಬೆ ಕೊಡಿ: ಖಣವನ್ನು ಮಗುಚಿ ಹಾಸಿ, ಮೇಲೆ ಚೆನ್ನಾಗಿ ಹಿಂಡಿದ ತೆಳು ಹತ್ತಿ ಬಟ್ಟೆ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಹಗುರಾಗಿ ಮುಟ್ಟಿಸಿ ಎತ್ತುತ್ತಾ ಹೋಗಿ. ಭಾರ ಹಾಕಬೇಡಿ. ಬಟ್ಟೆ ತಣ್ಣಗಾಗುವವರೆಗೆ ಮೇಜಿನಿಂದ ಎತ್ತಬೇಡಿ, ಬಿಸಿ ಇರುವಾಗ ಎತ್ತಿದರೆ ತನ್ನ ಭಾರಕ್ಕೇ ಎಳೆದುಕೊಳ್ಳುತ್ತದೆ.

ಒಗೆದು ಒಣಗಿದ್ದನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ತಪ್ಪಿದ ಗೆರೆ, ಗಂಟು, ಕಲೆ ಕಂಡ ಕಡೆ ಹಿಂಬದಿಯಲ್ಲಿ ಚಾಕ್‌ಪೀಸಿನಿಂದ ಗುರುತು ಮಾಡಿ, ಅಲ್ಲಿ ಎದೆಯ ಭಾಗ ಬೀಳದಂತೆ ಕತ್ತರಿಸಬಹುದು. ಬಟ್ಟೆಯಲ್ಲಿ ನೇಯ್ದ ಚಿತ್ತಾರಕ್ಕೆ, ಅಂದರೆ ಬುಟ್ಟಾಗೆ, ಮೇಲೆ ಕೆಳಗೆ ಎಂಬ ದಿಕ್ಕಿದೆಯೇ ಎಂದೂ ಈಗಲೇ ಗಮನಿಸಿ. ದಿಕ್ಕಿದ್ದರೆ ಎರಡು ತೋಳನ್ನೂ ಒಂದೇ ಮುಖವಾಗಿ ಕತ್ತರಿಸಬೇಕು, ಅದಕ್ಕೆ ಬಟ್ಟೆ ಸ್ವಲ್ಪ ಹೆಚ್ಚು ಬೇಕು. ಖಣದ ಹಿಂಬದಿಯಲ್ಲಿ ಬುಟ್ಟಾದ ಎಳೆಗಳು ಬಿಡಿಯಾಗಿ ಹಾಯ್ದಿದ್ದರೆ ಅವು ಉಂಗುರಕ್ಕೆ, ಉಗುರಿಗೆ, ಒರಟು ಮೇಜಿಗೆ ಸಿಕ್ಕಿಕೊಳ್ಳುತ್ತವೆ. ಕೆಲಸಕ್ಕೆ ಕೂರುವಾಗ ಉಂಗುರ ತೆಗೆದಿಡಿ.

ನೇರ ಮಾಡುವುದು

ಅಂಗಡಿಯವರು ಕತ್ತರಿಸಿದ ತುದಿಯನ್ನು ನಂಬಬೇಡಿ. ಅಂಚಿನ ಹತ್ತಿರ ಸಣ್ಣ ಕಚ್ಚು ಕೊಟ್ಟು ಹೊಕ್ಕಿನ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ನಿಧಾನವಾಗಿ ಎಳೆಯಿರಿ. ಎಳೆ ಬಂದ ಜಾಗದಲ್ಲಿ ಸಣ್ಣ ಗೆರೆ ಕಾಣುತ್ತದೆ, ಅದರ ಮೇಲೆ ಕತ್ತರಿಸಿ. ಎಳೆ ನಡುವೆ ತುಂಡಾದರೆ ಅಲ್ಲಿವರೆಗೆ ಕತ್ತರಿಸಿ ಪಕ್ಕದ ಎಳೆ ಹಿಡಿಯಿರಿ. ಲೈನಿಂಗನ್ನು ಹರಿದೂ ನೇರ ಮಾಡಬಹುದು, ಆದರೆ ಖಣವನ್ನು ಹರಿಯಬೇಡಿ.

ಈಗ ಎರಡೂ ಅಂಚುಗಳನ್ನು ಕೂಡಿಸಿ ಮಡಚಿದರೆ ತುದಿಗಳು ಒಂದರ ಮೇಲೊಂದು ಕೂರಬೇಕು. ಕೂರದೆ ಅರ್ಧ ಇಂಚು ಜಾರಿದ್ದರೆ ಹೊಕ್ಕು ಓರೆಯಾಗಿದೆ ಎಂದರ್ಥ. ಲೈನಿಂಗ್ ಆದರೆ ತೇವ ಮಾಡಿ, ಗಿಡ್ಡವಾಗಿರುವ ಎದುರುಬದುರು ಮೂಲೆಗಳನ್ನು ಇಬ್ಬರು ಹಿಡಿದು ಎಳೆದರೆ ಸರಿಹೋಗುತ್ತದೆ. ಓರೆಯಾದ ಬಟ್ಟೆಯಲ್ಲೇ ಕತ್ತರಿಸಿದರೆ ರವಿಕೆಯ ಪಕ್ಕದ ಹೊಲಿಗೆ ಒಗೆದ ಮೇಲೆ ಹೊಟ್ಟೆಯ ಕಡೆಗೆ ತಿರುಗುತ್ತದೆ. ಯಾವ ಆಲ್ಟರೇಷನ್ನೂ ಅದನ್ನು ಸರಿ ಮಾಡುವುದಿಲ್ಲ.

ಅಂಚು ಉಳಿದ ಬಟ್ಟೆಗಿಂತ ಬಿಗಿಯಾಗಿ ನೇಯ್ದದ್ದು. ಕೈಮಗ್ಗದ ಬಟ್ಟೆಯಲ್ಲಿ ಅಂಚಿನ ಪಕ್ಕ ಸಣ್ಣ ತೂತುಗಳ ಸಾಲೂ ಇರಬಹುದು. ಅದನ್ನು ಹೊಲಿಗೆಯ ಮಾರ್ಜಿನ್‌ಗೆ ಸೇರಿಸಿಕೊಳ್ಳದೆ ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಆ ಬದಿಯ ಹೊಲಿಗೆ ಎಳೆದು ಹಿಡಿಯುತ್ತದೆ.

ಟೇಪನ್ನೂ ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಹಳೆಯ ಟೇಪು ಹಿಗ್ಗಿರುತ್ತದೆ. ಮೈ ಅಳತೆ ಒಂದು ಟೇಪಿನಲ್ಲಿ, ಬಟ್ಟೆಯ ಅಳತೆ ಇನ್ನೊಂದರಲ್ಲಿ ತೆಗೆಯುವುದಂತೂ ಬೇಡ. ಗುರುತಿಗೆ ಚಾಕ್‌ಪೀಸ್ ಸಾಕು. ಬಾಲ್ ಪೆನ್ನಿನ ಶಾಯಿ ಇಸ್ತ್ರಿಯ ಬಿಸಿಗೆ ಮುಂಬದಿಗೆ ಇಳಿಯುತ್ತದೆ.

ಖಣ ಎಳೆ ಬಿಡುವ ಬಟ್ಟೆ. ಆದ್ದರಿಂದ ಮೊದಲು ಲೈನಿಂಗನ್ನು ಅಳತೆಗೆ ಕತ್ತರಿಸಿ, ಖಣದ ಹಿಂಬದಿಯ ಮೇಲೆ ಹಾಸಿಗೆ ಹಾಸು ಹೊಂದಿಸಿ ಇಟ್ಟು, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ಅಂಚಿನಿಂದ ಕಾಲು ಇಂಚು ಒಳಗೆ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಖಣ ಕತ್ತರಿಸಿ. ಎರಡನ್ನೂ ಬೇರೆ ಬೇರೆ ಕತ್ತರಿಸಿ ಕೂಡಿಸಲು ಹೋದರೆ ಅಷ್ಟರಲ್ಲಿ ಖಣದ ಅಂಚು ಬಿಚ್ಚಿಕೊಂಡು ಆಕಾರ ಕೆಟ್ಟಿರುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದರಿಂದ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿ, ಬಾಕಿ ಕಡೆ ಅರ್ಧ ಇಂಚಿಗೆ ಕಡಿಮೆ ಮಾಡಬೇಡಿ.

ಮಷಿನ್: ಧೂಳು, ಎಣ್ಣೆ, ಬೆಲ್ಟ್

ಕರೆಂಟಿನ ಮಷಿನ್ ಆದರೆ ಮೊದಲು ಪ್ಲಗ್ ತೆಗೆಯಿರಿ. ಸೂಜಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಶರ್ ಫೂಟ್ ಬಿಚ್ಚಿ, ಸೂಜಿ ಇಳಿಯುವ ಪ್ಲೇಟಿನ ಎರಡು ಸ್ಕ್ರೂ ತೆಗೆದು ಪ್ಲೇಟ್ ಎತ್ತಿ. ಬಟ್ಟೆ ಮುಂದೆ ತಳ್ಳುವ ಹಲ್ಲುಗಳ ಸಾಲಿನ ನಡುವೆ ಬಟ್ಟೆಯ ನವಿರು ಧೂಳು ಒತ್ತಿ ಒತ್ತಿ ಗಟ್ಟಿಯಾಗಿ ಕೂತಿರುತ್ತದೆ. ಅದು ಇರುವವರೆಗೆ ಹಲ್ಲು ಪೂರ್ತಿ ಮೇಲೆ ಬರುವುದಿಲ್ಲ, ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಆಗುತ್ತದೆ. ಬ್ರಷ್ಷಿನಿಂದ ಬಿಡಿಸಿ, ಸೂಜಿಯ ಮೊನೆಯಿಂದ ಕೆದಕಿ ತೆಗೆಯಿರಿ. ಬಾಯಿಂದ ಊದಬೇಡಿ, ಧೂಳು ಇನ್ನಷ್ಟು ಒಳಗೆ ಹೋಗುತ್ತದೆ, ಉಸಿರಿನ ತೇವಕ್ಕೆ ತುಕ್ಕೂ ಹಿಡಿಯುತ್ತದೆ. ಕೆಳಗಿನ ದಾರದ ಬಾಬಿನ್ ಕೂರುವ ಕೇಸ್ ಹೊರತೆಗೆದು, ಮೇಲಿನ ದಾರದ ಕುಣಿಕೆ ಹಿಡಿಯುವ ಶಟಲ್ ಸುತ್ತಲಿನ ದಾರದ ಚೂರುಗಳನ್ನೂ ತೆಗೆಯಿರಿ. ಸಿಕ್ಕಿಕೊಂಡ ಅರ್ಧ ಇಂಚಿನ ದಾರವೊಂದು ಮಷಿನ್ನನ್ನು ಪೂರ್ತಿ ಬಿಗಿ ಮಾಡಬಲ್ಲದು.

ಪ್ಲೇಟಿನ ತೂತನ್ನು ಬೆರಳಿನಿಂದ ಸವರಿ. ಹಿಂದೆಂದೋ ಸೂಜಿ ಬಡಿದು ಗೀರು ಎದ್ದಿದ್ದರೆ ಪ್ರತಿ ಹೊಲಿಗೆಯಲ್ಲೂ ದಾರ ಉಜ್ಜಿ ತುಂಡಾಗುತ್ತದೆ. ತೀರಾ ನವಿರು ಎಮರಿ ಕಾಗದದಿಂದ ತಿಕ್ಕಿ ನುಣುಪು ಮಾಡಿ.

ಎಣ್ಣೆ ಮಷಿನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಗಾಳಿಗೆ ಅಂಟಾಗುತ್ತವೆ. ಕೊಬ್ಬರಿ ಎಣ್ಣೆಯಂತೂ ಚಳಿಗೆ ಹೆಪ್ಪುಗಟ್ಟಿ ಮಷಿನ್ ಅಲುಗದಂತೆ ಮಾಡುತ್ತದೆ. ತಲೆಯ ಮೇಲಿನ ತೂತುಗಳಿಗೆ, ಎಡಗಡೆಯ ಮುಚ್ಚಳದೊಳಗಿನ ಸೂಜಿದಂಡಕ್ಕೆ, ಮೇಲಿನ ದಾರವನ್ನು ಎಳೆಯುತ್ತಾ ಏರಿಳಿಯುವ ಟೇಕಪ್ ಲಿವರಿನ ಕೀಲಿಗೆ, ಮಷಿನ್ ಮಗುಚಿದಾಗ ಕಾಣುವ ಕೀಲುಗಳಿಗೆ, ಶಟಲ್ ಓಡುವ ಹಾದಿಗೆ ಒಂದೊಂದು ಹನಿ ಬಿಡಿ. ಒಂದೇ ಹನಿ, ಹೆಚ್ಚಾದದ್ದು ಬಟ್ಟೆಗೆ ಇಳಿಯುತ್ತದೆ. ಕೆಳಗೆ ಪೆಡಲಿನ ಕೀಲು, ದೊಡ್ಡ ಚಕ್ರದ ನಡು, ಅದಕ್ಕೆ ಹೋಗುವ ದಂಡದ ಎರಡು ತುದಿ ಇವನ್ನು ಮರೆಯುವವರೇ ಹೆಚ್ಚು. ಪೆಡಲ್ ಭಾರವಾಯಿತು ಎಂಬ ದೂರು ಅರ್ಧ ಸಲ ಅಲ್ಲಿಂದಲೇ ಬರುವುದು. ಬೆಲ್ಟಿಗೂ ಬಾಬಿನ್ ಸುತ್ತುವ ರಬ್ಬರಿಗೂ ಎಣ್ಣೆ ತಾಗಬಾರದು, ಜಾರುತ್ತವೆ.

ವರ್ಷಗಟ್ಟಲೆ ನಿಂತ ಮಷಿನ್ ಆಗಿದ್ದರೆ ಹಳೆಯ ಎಣ್ಣೆ ಅಂಟಾಗಿರುತ್ತದೆ. ಕಾಲ್ತುಳಿತದ ಮಷಿನ್ನಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, ಸೂಜಿ ಇಲ್ಲದೆ ಐದು ನಿಮಿಷ ತುಳಿದು, ಕರಗಿ ಬಂದ ಕೊಳೆ ಒರೆಸಿ, ಆಮೇಲೆ ಎಣ್ಣೆ ಬಿಡಿ. ಸೀಮೆಎಣ್ಣೆಯನ್ನೇ ಉಳಿಸಿಬಿಟ್ಟರೆ ಲೋಹ ಒಣಗಿ ಸವೆಯುತ್ತದೆ. ಮೋಟಾರ್ ಇರುವ ಮಷಿನ್ನಿಗೆ ಈ ಕೆಲಸ ಬೇಡ, ಬೆಂಕಿಯ ಅಪಾಯ. ಎಣ್ಣೆ ಬಿಟ್ಟ ಮೇಲೆ ಹಳೇ ಬಟ್ಟೆಯ ಮೇಲೆ ದಾರವಿಲ್ಲದೆ ಓಡಿಸಿ, ಫೂಟಿನ ಕೆಳಗೆ ಒಂದು ಹತ್ತಿ ಬಟ್ಟೆ ಸಿಕ್ಕಿಸಿ ರಾತ್ರಿ ಬಿಟ್ಟರೆ ಹೆಚ್ಚಾದ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಲೈನಿಂಗ್ ನೀರಿನಲ್ಲಿರುವ ರಾತ್ರಿಯೇ ಇದನ್ನೂ ಮಾಡಿದರೆ ಸಮಯ ಹೊಂದುತ್ತದೆ.

ಚರ್ಮದ ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಾಗಬೇಕು. ಅದಕ್ಕಿಂತ ಸಡಿಲವಾದರೆ ದಪ್ಪ ಪದರ ಬಂದ ಕಡೆ ಕಾಲು ತುಳಿದರೂ ಮಷಿನ್ನಿನ ಮೇಲಿನ ಚಕ್ರ ತಿರುಗುವುದಿಲ್ಲ. ಕ್ಲಿಪ್ ಬಿಚ್ಚಿ ಸ್ವಲ್ಪ ಕತ್ತರಿಸಿ ಮತ್ತೆ ಹಾಕಿ.

ಸೂಜಿ, ದಾರ, ಬಾಬಿನ್

ಹೊಸ ರವಿಕೆಗೆ ಹೊಸ ಸೂಜಿ. ಇದರಲ್ಲಿ ಉಳಿತಾಯ ನೋಡುವುದು ಸರಿಯಲ್ಲ. ಮೊಂಡು ಸೂಜಿ ಖಣದ ಎಳೆಯನ್ನು ಸೀಳದೆ ಎಳೆದುಕೊಂಡು ಹೋಗುತ್ತದೆ, ಹೊಲಿಗೆಯ ಪಕ್ಕ ಅಡ್ಡಕ್ಕೆ ಮಿರುಗುವ ಗೆರೆ ಬೀಳುತ್ತದೆ. ಹೊಲಿಯುವಾಗ ಟಕ್ ಟಕ್ ಸದ್ದು ಬಂದರೆ ಮೊನೆ ಹೋಗಿದೆ ಎಂದು ತಿಳಿಯಿರಿ. ರೇಷ್ಮೆ ಖಣಕ್ಕೆ ತೆಳು ಲೈನಿಂಗ್ ಇದ್ದರೆ 11ನೇ ನಂಬರ್, ಹತ್ತಿ ಅಥವಾ ದಪ್ಪ ಖಣಕ್ಕೆ 14. ರವಿಕೆಗೆ 16 ಬೇಡ, ತೂತು ಉಳಿಯುತ್ತದೆ. ಮನೆ ಮಷಿನ್ನಿನ ಸೂಜಿಯ ಬುಡ ಒಂದು ಬದಿಗೆ ಚಪ್ಪಟೆ. ಟೈಲರ್ ಅಂಗಡಿಯ ದೊಡ್ಡ ಮಷಿನ್ನಿನ ಸೂಜಿಯ ಬುಡ ಪೂರ್ತಿ ಗುಂಡು. ಒಂದಕ್ಕೆ ಇನ್ನೊಂದು ಆಗುವುದಿಲ್ಲ.

ಸೂಜಿಯ ಒಂದು ಬದಿಗೆ ಉದ್ದ ಗೀರು ಇರುತ್ತದೆ. ದಾರ ಆ ಗೀರಿನಲ್ಲಿ ಇಳಿದು, ಕಣ್ಣು ದಾಟಿ, ಚಪ್ಪಟೆ ಬದಿಗೆ ಹೊರಬರಬೇಕು. ಕಪ್ಪು ತಲೆಯ ಮಷಿನ್ನಿನಲ್ಲಿ ಚಪ್ಪಟೆ ಬದಿ ಬಲಕ್ಕೆ, ದಾರ ಎಡದಿಂದ ಬಲಕ್ಕೆ. ಬಾಬಿನ್ ಮುಂದಿನಿಂದ ಹಾಕುವ ಹೊಸ ಮಷಿನ್ನಿನಲ್ಲಿ ಚಪ್ಪಟೆ ಬದಿ ಹಿಂದಕ್ಕೆ, ದಾರ ಮುಂದಿನಿಂದ ಹಿಂದಕ್ಕೆ. ತಿರುಗುಮುರುಗು ಹಾಕಿದರೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಸೂಜಿಯನ್ನು ಮೇಲೆ ತಡೆಯುವವರೆಗೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಒಂದು ಮಿಲಿಮೀಟರ್ ಕೆಳಗೆ ಉಳಿದರೂ ಶಟಲಿನ ಮೊನೆ ದಾರದ ಕುಣಿಕೆಯನ್ನು ಹಿಡಿಯದೆ ಹೊಲಿಗೆ ತಪ್ಪುತ್ತದೆ.

ದಾರವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಪಟ್ಟೆಂದು ಸುಲಭವಾಗಿ ತುಂಡಾಗುವ ಹಳೇ ಹತ್ತಿ ದಾರ ಬೇಡ, ತೋಳು ಕೂಡುವ ಜಾಗ ಮೊದಲು ಬಿಚ್ಚುತ್ತದೆ. ಬಾಬಿನ್ನಿನಲ್ಲಿ ಹಳೆಯ ದಾರದ ಮೇಲೆ ಹೊಸದನ್ನು ಸುತ್ತಬೇಡಿ. ಸಮನಾಗಿ, ಅಂಚಿಗಿಂತ ಸ್ವಲ್ಪ ಕಡಿಮೆ ತುಂಬಿಸಿ. ಪಾಲಿಯೆಸ್ಟರ್ ದಾರವನ್ನು ಜೋರಾಗಿ ಸುತ್ತಿದರೆ ಅದು ಹಿಗ್ಗಿ ಬಾಬಿನ್ನಿಗೆ ಸುತ್ತಿಕೊಳ್ಳುತ್ತದೆ, ಹೊಲಿಗೆಯಾದ ಮೇಲೆ ಮೊದಲಿನ ಉದ್ದಕ್ಕೆ ಮರಳಿ ಇಡೀ ಹೊಲಿಗೆಯನ್ನು ಸುಕ್ಕುಗಟ್ಟಿಸುತ್ತದೆ. ಟೆನ್ಶನ್ನನ್ನು, ಅಂದರೆ ದಾರದ ಬಿಗಿತವನ್ನು, ಎಷ್ಟು ತಿರುಗಿಸಿದರೂ ಈ ಸುಕ್ಕು ಹೋಗುವುದಿಲ್ಲ. ನಿಧಾನವಾಗಿ ಸುತ್ತಿ.

ಮೇಲಿನ ದಾರ ಪೋಣಿಸುವಾಗ ಫೂಟ್ ಎತ್ತಿರಲಿ. ಆಗ ಮಾತ್ರ ಟೆನ್ಶನ್ ತಟ್ಟೆಗಳು ಬಿಚ್ಚಿಕೊಂಡು ದಾರ ಒಳಗೆ ಕೂರುತ್ತದೆ. ಪೋಣಿಸಿದ ಮೇಲೆ ಫೂಟ್ ಇಳಿಸಿ ದಾರ ಎಳೆಯಿರಿ, ತಡೆ ಸಿಗಬೇಕು. ಸಿಗದಿದ್ದರೆ ದಾರ ತಟ್ಟೆಯ ಹೊರಗಿದೆ.

ಟೆನ್ಶನ್ ಮತ್ತು ಪರೀಕ್ಷೆಯ ತುಂಡು

ಕೆಳಗಿನ ದಾರದಿಂದ ಶುರು ಮಾಡಿ. ಬಾಬಿನ್ ಹಾಕಿದ ಕೇಸನ್ನು ದಾರ ಹಿಡಿದು ತೂಗಿಬಿಡಿ. ತನ್ನ ಭಾರಕ್ಕೇ ಜರ್ರನೆ ಇಳಿದರೆ ಸಡಿಲ. ಕೈ ಕೊಡವಿದರೂ ಅಲುಗದಿದ್ದರೆ ಬಿಗಿ. ಸಣ್ಣದಾಗಿ ಕೊಡವಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಕೇಸಿನ ಮೇಲಿನ ಸಣ್ಣ ಸ್ಕ್ರೂವನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಒಮ್ಮೆ ಸರಿಯಾದ ಮೇಲೆ ಅದನ್ನು ಬಿಟ್ಟು, ಉಳಿದದ್ದನ್ನೆಲ್ಲ ಮೇಲಿನ ಟೆನ್ಶನ್ನಿನಲ್ಲೇ ಸರಿಪಡಿಸಿ.

ಪರೀಕ್ಷೆಗೆ ಬೇರೆ ಚಿಂದಿ ಬೇಡ. ಅದೇ ಖಣ, ಅದೇ ನೆನೆಸಿದ ಲೈನಿಂಗ್, ನಿಜವಾದ ಹೊಲಿಗೆಯಲ್ಲಿ ಬರುವಷ್ಟೇ ಪದರ. ಪಕ್ಕದ ಹೊಲಿಗೆಯೆಂದರೆ ನಾಲ್ಕು ಪದರ. ಹಾಸಿನ ಉದ್ದಕ್ಕೆ, ಹೊಕ್ಕಿನ ಉದ್ದಕ್ಕೆ, ಓರೆಯಾಗಿ ಕ್ರಾಸ್‌ಗೆ ಒಂದೊಂದು ಗೆರೆ ಹೊಲಿಯಿರಿ. ಇಂಚಿಗೆ 12 ಹೊಲಿಗೆ ಬೀಳುವಂತಿರಲಿ, ಅಂದರೆ ಸುಮಾರು 2 ಮಿ.ಮೀ. ಉದ್ದ. ಬಿಚ್ಚಲಿರುವ ಕಚ್ಚಾ ಹೊಲಿಗೆಗೆ ಇಂಚಿಗೆ 6 ಸಾಕು.

ಮೇಲೆ ಹಾಗೂ ಕೆಳಗೆ ಎರಡು ಬಣ್ಣದ ದಾರ ಹಾಕಿದರೆ ದೋಷ ಬೇಗ ಕಾಣುತ್ತದೆ. ಕೆಳಗಿನ ಬಣ್ಣ ಚುಕ್ಕೆ ಚುಕ್ಕೆಯಾಗಿ ಮೇಲೆ ಕಂಡರೆ ಮೇಲಿನ ಟೆನ್ಶನ್ ಹೆಚ್ಚು. ಮೇಲಿನ ಬಣ್ಣ ಕೆಳಗೆ ಕುಣಿಕೆಯಾದರೆ ಮೇಲಿನ ಟೆನ್ಶನ್ ಕಡಿಮೆ. ಕೆಳಗೆ ದಾರ ಗುಡ್ಡೆಯಾಗಿ ಸಿಕ್ಕಿಕೊಂಡರೆ ಎಲ್ಲರೂ ಬಾಬಿನ್ ಮೇಲೆ ಅನುಮಾನಪಡುತ್ತಾರೆ, ಆದರೆ ಕಾರಣ ಬಹುತೇಕ ಮೇಲಿರುತ್ತದೆ: ದಾರ ತಟ್ಟೆಯೊಳಗಿಲ್ಲ, ಟೇಕಪ್ ಲಿವರ್ ತಪ್ಪಿದೆ, ಇಲ್ಲವೇ ಫೂಟ್ ಇಳಿಸಿಲ್ಲ. ಕ್ರಾಸ್ ಗೆರೆಯನ್ನು ಮೆಲ್ಲಗೆ ಎಳೆದು ನೋಡಿ, ದಾರ ತುಂಡಾದರೆ ಎರಡೂ ಟೆನ್ಶನ್ ಬಿಗಿಯಾಗಿವೆ. ಕಂಕುಳಿನ ಹೊಲಿಗೆ ಇಂಥದ್ದೇ ಎಳೆತ ತಾಳಬೇಕು.

ಇನ್ನೊಂದು ಪರೀಕ್ಷೆಯನ್ನು ಬಹಳ ಕಡಿಮೆ ಜನ ಮಾಡುತ್ತಾರೆ. 12 ಇಂಚಿನ ಎರಡು ಪಟ್ಟಿಗಳನ್ನು ಸರಿಯಾಗಿ ಸಮ ಕತ್ತರಿಸಿ, ಒಂದರ ಮೇಲೊಂದಿಟ್ಟು, ಕೈಯಿಂದ ಎಳೆಯದೆ ಹೊಲಿಯಿರಿ. ಕೊನೆಯಲ್ಲಿ ಮೇಲಿನ ಪಟ್ಟಿ ಕಾಲು ಇಂಚು ಮುಂದೆ ಚಾಚಿದರೆ ಫೂಟಿನ ಒತ್ತಡ ಹೆಚ್ಚು. ಕೆಳಗಿನ ಪದರವನ್ನು ಹಲ್ಲು ತಳ್ಳುತ್ತದೆ, ಮೇಲಿನದನ್ನು ಫೂಟ್ ಹಿಡಿದು ನಿಲ್ಲಿಸುತ್ತದೆ. ಸೂಜಿದಂಡದ ಹಿಂದಿರುವ ಒತ್ತಡದ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ಮತ್ತೆ ನೋಡಿ. ಜಾರುವ ಖಣದಲ್ಲಿ ಭುಜದಿಂದ ಸೊಂಟದವರೆಗೆ ಈ ಕಾಲು ಇಂಚೇ ಪಕ್ಕದ ಹೊಲಿಗೆಯನ್ನು ಸೊಟ್ಟ ಮಾಡುವುದು.

ಸಮಯವಿದ್ದರೆ ಈ ತುಂಡನ್ನು ಒಗೆದು ಒಣಗಿಸಿ. ಹೊಲಿಗೆಯ ಗೆರೆಯ ಮೇಲಷ್ಟೇ ಸುಕ್ಕು ಬಂದರೆ ದಾರ ಅಥವಾ ಟೆನ್ಶನ್. ಪಟ್ಟಿ ಪೂರ್ತಿ ಉಬ್ಬಿದರೆ ಲೈನಿಂಗ್ ಇನ್ನೊಮ್ಮೆ ನೆನೆಯಬೇಕು.

ಹೊಲಿಗೆ ಶುರು ಮಾಡುವಾಗ ಎರಡೂ ದಾರಗಳನ್ನು 10 ಸೆಂ.ಮೀ.ನಷ್ಟು ಫೂಟಿನ ಹಿಂದಕ್ಕೆ ಎಳೆದು, ಮೊದಲ ಎರಡು ಮೂರು ಹೊಲಿಗೆಗೆ ಕೈಯಲ್ಲಿ ಹಿಡಿದುಕೊಳ್ಳಿ. ಟೇಕಪ್ ಲಿವರ್ ತೀರಾ ಮೇಲಿರುವಾಗಲೇ ಶುರು ಮಾಡಬೇಕು, ಅಲ್ಲೇ ನಿಲ್ಲಿಸಬೇಕು, ಇಲ್ಲವಾದರೆ ದಾರ ಸೂಜಿಯಿಂದ ಕಳಚುತ್ತದೆ. ಕೈಚಕ್ರ ಯಾವಾಗಲೂ ನಿಮ್ಮ ಕಡೆಗೆ ತಿರುಗಬೇಕು. ಪೆಡಲ್ ಹಿಂದು ಮುಂದಾಗಿ ಚಕ್ರ ಉಲ್ಟಾ ತಿರುಗಿದರೆ ಶಟಲಿನಲ್ಲಿ ದಾರ ಸಿಕ್ಕಿಕೊಳ್ಳುತ್ತದೆ.

ಕೊನೆಯದಾಗಿ ಹುಕ್ಕಿನ ಪಟ್ಟಿಯ ದಪ್ಪ. ಮಡಿಕೆ, ಕ್ಯಾನ್ವಾಸ್ ಸೇರಿ ಅಲ್ಲಿ ಆರೇಳು ಪದರವಾಗುತ್ತದೆ. ಅಷ್ಟೇ ಪದರದ ಒಂದು ತುಂಡು ಮಾಡಿ ಅದರ ಮೇಲೂ ಹೊಲಿದು ನೋಡಿ. ತೆಳು ಭಾಗದಿಂದ ದಪ್ಪಕ್ಕೆ ಹತ್ತುವ ಜಾಗದಲ್ಲಿ ಫೂಟಿನ ಮುಂಭಾಗ ಮೇಲೆದ್ದು ಹೊಲಿಗೆಗಳು ಒಂದರ ಮೇಲೊಂದು ಬೀಳುತ್ತವೆ. ಫೂಟಿನ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಮಡಚಿದ ಬಟ್ಟೆಯ ತುಂಡು ಸೇರಿಸಿದರೆ ಫೂಟ್ ಸಮನಾಗುತ್ತದೆ. ಆ ನಾಲ್ಕೈದು ಹೊಲಿಗೆಗಳನ್ನು ಕಾಲಿನಿಂದ ತುಳಿಯದೆ ಕೈಚಕ್ರ ತಿರುಗಿಸಿ ಹಾಕಿ. 11ನೇ ನಂಬರ್ ಸೂಜಿ ಅಲ್ಲಿ ಬಾಗುವಂತಿದ್ದರೆ ಪಟ್ಟಿಯ ಮಟ್ಟಿಗೆ 14 ಹಾಕಿಕೊಂಡು, ಮುಗಿದ ಮೇಲೆ ಮತ್ತೆ 11ಕ್ಕೆ ಬನ್ನಿ.